ಸರ್ವಜ್ಞನ ಹನ್ನೊಂದನೆಯ ಗಣ

ಹಿರೇಕೆರೂರಿನ ಸೀಮೆಯಲ್ಲಿ ಮಾಸೂರು, ಅಬಲೂರು ಎಂಬ ಎರಡು ಗ್ರಾಮಗಳುಂಟು. ಸರ್ವಜ್ಞನ ತಂದೆ ಮಾಸೂರಿನವನು, ತಾಯಿ ಅಬಲೂರಿನವಳು ಎಂದು ಐತಿಹ್ಯವು ಹೇಳುವುದು. ಆತನ ಕಾಲವನ್ನು ಕುರಿತ ವಾದಗಳನ್ನು ಬದಿಗಿರಿಸಿ, ಆತನ ಪದ್ಯದ ಮೈಕಟ್ಟನ್ನು ಮಾತ್ರ ಪರಿಶೀಲಿಸೋಣ.

ತ್ರಿಪದಿಗೆ ಮೂರು ಪಾದಗಳು, 11 ಗಣಗಳು: ಮೊದಲೆರಡು ಪಾದಗಳಲ್ಲಿ ನಾಲ್ಕು ನಾಲ್ಕು, ಕೊನೆಯದರಲ್ಲಿ ಮೂರು. 6ನೆಯ ಮತ್ತು 10ನೆಯ ಗಣಗಳು ಬ್ರಹ್ಮಗಣಗಳು, ಉಳಿದವೆಲ್ಲ ವಿಷ್ಣುಗಣಗಳು. ಸುಮಾರು ಕ್ರಿ.ಶ. 700ರ, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಈ ಛಂದಸ್ಸು ಕಾಣುವುದು. ಅಲ್ಲಿನವು ಅಂಶಗಣಗಳು, ಹಾಡುವವನ ಉಸಿರಿಗೆ ತಕ್ಕಂತೆ ಹಿಗ್ಗಿ ಕುಗ್ಗುವಂಥವು. ಸರ್ವಜ್ಞನಲ್ಲಿ ಅವು ಬಹುಮಟ್ಟಿಗೆ ಐದು ಮತ್ತು ಮೂರು ಮಾತ್ರೆಗಳಿಗೆ ನೆಲೆನಿಂತಿವೆ. ಹಾಗೆ ಎಣಿಸಿದರೆ ಪಾದಗಳಿಗೆ ಕ್ರಮವಾಗಿ 20, 18, 13 ಮಾತ್ರೆಗಳು, ಒಟ್ಟು 51. ನೆರೆಯ ಶಿಗ್ಗಾವಿ ಸೀಮೆಯ ಬಾಡದ ಕನಕದಾಸರು 'ನಳಚರಿತ್ರೆ'ಗೆ ಆರಿಸಿಕೊಂಡ ಭಾಮಿನಿ ಷಟ್ಪದಿಗೆ 102 ಮಾತ್ರೆಗಳು, ಸರಿಯಾಗಿ ಇಮ್ಮಡಿ! ಇದು ಕೇವಲ ಆಕಸ್ಮಿಕವಿರಬಹುದು. ಆದರೆ ಕಥೆ ಹೇಳುವವನಿಗೆ ಬೇಕಾದ ಅಂಗಳಕ್ಕೂ ನೀತಿ ಹೇಳುವವನಿಗೆ ಸಾಕಾದ ಜಗಲಿಗೂ ಇರುವ ಅಂತರವು ಇದರಿಂದ ತಿಳಿಯುವುದು.

ಆಂಗ್ಲ ಪದ್ಯಗಳಲ್ಲಿ ಪ್ರಾಸವು ಸಾಮಾನ್ಯವಾಗಿ ಪಾದದ ತುದಿಯಲ್ಲಿರುವುದಷ್ಟೆ. ನಮ್ಮಲ್ಲಿ ಅದು ಬಾಗಿಲಲ್ಲಿಯೇ ನಿಂತಿರುವುದು. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವಿರಬೇಕು. ಮೊದಲ ಪಾದವು 'ಮನೆ' ಎಂದು ಹೊರಟರೆ ಮುಂದಿನವು 'ಕೊನೆ', 'ತನು' ಎಂದು ಬರಬಹುದು; 'ಮಾನ' ಎಂದು ಬರಲಾಗದು, ಪ್ರಾಸದ ಹಿಂದಿನ ಅಕ್ಷರದ ತೂಕವೂ ಒಂದೇ ಆಗಿರಬೇಕು.

ಇನ್ನು ಅಂಕಿತಕ್ಕೆ ಬರೋಣ. 'ಸರ್ವಜ್ಞ' ಎಂಬ ಶಬ್ದಕ್ಕೆ ಪ್ರಸ್ತಾರ ಹಾಕಿರಿ: ಗುರು, ಗುರು, ಲಘು, ಐದು ಮಾತ್ರೆಗಳು. ಕೊನೆಯ ವಿಷ್ಣುಗಣದ ಸ್ಥಾನದಲ್ಲಿ ಅದು ಅಚ್ಚಿನಲ್ಲಿ ಎರೆದಂತೆ ಕೂರುವುದು. ಆದುದರಿಂದ ಮೂರನೆಯ ಪಾದದಲ್ಲಿ ಕವಿಗೆ ಉಳಿಯುವುದು ಕೇವಲ ಎಂಟು ಮಾತ್ರೆಗಳು. 38 ಮಾತ್ರೆಗಳಲ್ಲಿ ಹರಡಿದ ಮಾತನ್ನು ಎಂಟರಲ್ಲಿ ಮುಗಿಸಬೇಕು. ಆತನ ಮಾತಿನ ಚಾಟಿಯೇಟು ಬಹುಪಾಲು ಈ ಇಕ್ಕಟ್ಟಿನಿಂದ ಹುಟ್ಟಿದುದೆಂದು ನನ್ನ ಎಣಿಕೆ.

ಆದರೆ ಇದೇ ಸೌಕರ್ಯವು ಅಪಾಯವೂ ಆಯಿತು. ತ್ರಿಪದಿಯ ಲಯವನ್ನು ಬಲ್ಲ ಯಾರೇ ಆಗಲಿ ಹತ್ತು ಗಣಗಳನ್ನು ಕಟ್ಟಿ, ಹನ್ನೊಂದನೆಯದನ್ನು ಸರ್ವಜ್ಞನಿಂದ ಕಡ ಪಡೆಯಬಹುದು. 1924ರಲ್ಲಿ ಉತ್ತಂಗಿ ಚನ್ನಪ್ಪನವರು ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಅಂಥ ಸಂಗ್ರಹವನ್ನು ಶೋಧಿಸಲು ಛಂದಸ್ಸನ್ನೇ ಜರಡಿಯಾಗಿ ಹಿಡಿಯಬಾರದೆ ಎಂದು ಕೇಳುವವರುಂಟು. ನನಗೆ ಆ ಧೈರ್ಯವಿಲ್ಲ. ಬಾಯಿಂದ ಬಾಯಿಗೆ ದಾಟುವಾಗ ಆತನದೇ ಪದ್ಯವು ಒಂದು ಮಾತ್ರೆ ಕಳೆದುಕೊಂಡು ಕುಂಟುತ್ತಿರಬಹುದು. ಲೋಪವಿಲ್ಲದೆ ನಡೆಯುವ ಪದ್ಯವು ಶಾಸ್ತ್ರ ಬಲ್ಲ ಬೇರೊಬ್ಬನದಾಗಿರಬಹುದು.