ಖಾಸಗಿ ಒಡೆತನದ ಸಣ್ಣ ಮಣ್ಣಿನ ಅಣೆಕಟ್ಟುಗಳು: ಸುರಕ್ಷತೆಯ ಹೊಣೆ ಯಾರದು?

ಅಣೆಕಟ್ಟು ಎಂದೊಡನೆ ಭಾಖ್ರಾ, ನಾಗಾರ್ಜುನಸಾಗರ, ಕೃಷ್ಣರಾಜಸಾಗರಗಳಂತಹ ಬೃಹತ್ ನಿರ್ಮಾಣಗಳು ನೆನಪಿಗೆ ಬರುವುದು ಸಹಜ. ಆದರೆ ನೀರನ್ನು ತಡೆದು ನಿಲ್ಲಿಸಿರುವ ಕಟ್ಟೆಗಳ ಪೈಕಿ ಬಹುಪಾಲು ಅಷ್ಟೇನೂ ಎತ್ತರವಿಲ್ಲದ ಮಣ್ಣಿನ ಏರಿಗಳೇ ಆಗಿವೆ. ಚಹಾ ಮತ್ತು ಕಾಫಿ ತೋಟಗಳು, ಕಾರ್ಖಾನೆಗಳು, ವಿದ್ಯಾಸಂಸ್ಥೆಗಳು, ಈಚೆಗೆ ನಗರಗಳ ಹೊರವಲಯದ ವಿಹಾರಧಾಮಗಳು ತಮ್ಮ ತಮ್ಮ ಜಮೀನಿನಲ್ಲಿ ಇಂತಹ ಏರಿಗಳನ್ನು ಕಟ್ಟಿಸಿಕೊಂಡಿವೆ. ಅಮೆರಿಕ ಸಂಯುಕ್ತ ಸಂಸ್ಥಾನದ ರಾಷ್ಟ್ರೀಯ ಪಟ್ಟಿಯಲ್ಲಿ ನಮೂದಾಗಿರುವ 90,000ಕ್ಕೂ ಹೆಚ್ಚು ಅಣೆಕಟ್ಟುಗಳ ಪೈಕಿ ಅರ್ಧಕ್ಕಿಂತ ಅಧಿಕ ಖಾಸಗಿಯವರ ಒಡೆತನದಲ್ಲಿವೆ. ಇಂತಹ ಅನೇಕ ಕಟ್ಟೆಗಳ ವಿಷಯದಲ್ಲಿ ಕಟ್ಟಿಸಿದವರು ಈಗ ಇಲ್ಲ. ಕಟ್ಟಿಸಿದ ಉದ್ದೇಶವೂ ಉಳಿದಿಲ್ಲ. ನೀರು ಮಾತ್ರ ಮೊದಲಿನಂತೆಯೇ ನಿಂತಿದೆ.

ಮಣ್ಣಿನ ಏರಿ ದುರ್ಬಲವಾದ ನಿರ್ಮಾಣವೆಂದು ಭಾವಿಸಬೇಕಾಗಿಲ್ಲ. ತಕ್ಕ ಮಣ್ಣನ್ನು ಆರಿಸಿ, ಪದರ ಪದರವಾಗಿ ಹಾಕಿ ಗಟ್ಟಿಸಿ, ಎರಡೂ ಬದಿಗೆ ಸಾಕಷ್ಟು ಇಳಿಜಾರು ಕೊಟ್ಟಿದ್ದರೆ ಅದು ಶತಮಾನಗಳ ಕಾಲ ಬಾಳುತ್ತದೆ. ದಕ್ಷಿಣ ಭಾರತದ ಕೆರೆಗಳೇ ಇದಕ್ಕೆ ಸಾಕ್ಷಿ. ಆದರೆ ಮಣ್ಣಿನ ಏರಿಗೆ ಎರಡು ದೊಡ್ಡ ಶತ್ರುಗಳುಂಟು, ಮತ್ತು ಎರಡೂ ನೀರೇ.

ಮೊದಲನೆಯದು ಏರಿಯ ನೆತ್ತಿಯ ಮೇಲೆ ಹಾದುಹೋಗುವ ನೀರು. ಕಲ್ಲಿನ ಅಥವಾ ಕಾಂಕ್ರೀಟಿನ ಅಣೆಕಟ್ಟಿನ ಮೇಲೆ ಸ್ವಲ್ಪ ಹೊತ್ತು ನೀರು ಹರಿದರೂ ಅದು ನಿಲ್ಲಬಹುದು. ಮಣ್ಣಿನ ಏರಿಯಾದರೋ ಹಿಂಬದಿಯ ಇಳಿಜಾರು ಕೊಚ್ಚುತ್ತಾ ಬಂದು ಕೆಲವೇ ಗಂಟೆಗಳಲ್ಲಿ, ಒಮ್ಮೊಮ್ಮೆ ಇನ್ನೂ ಬೇಗನೆ, ಒಡೆಯುತ್ತದೆ. ಹೆಚ್ಚಾದ ನೀರು ಏರಿಯನ್ನು ಮುಟ್ಟದೆ ಪಕ್ಕದಿಂದ ಹೊರಹೋಗಲೆಂದೇ ಕೋಡಿ ಇರುವುದು. ಕೋಡಿ ಕಿರಿದಾದರೆ, ಅಥವಾ ಮೀನು ಹೊರಹೋಗದಿರಲೆಂದು ಅದಕ್ಕೆ ಬಲೆ ಕಟ್ಟಿದರೆ, ಹೆಚ್ಚು ನೀರು ನಿಲ್ಲಲೆಂದು ಹಲಗೆ ಅಥವಾ ಮರಳಿನ ಚೀಲ ಇಟ್ಟರೆ, ಮಹಾಮಳೆಯ ದಿನ ನೀರಿಗೆ ಬೇರೆ ದಾರಿ ಉಳಿಯುವುದಿಲ್ಲ. ಖಾಸಗಿ ಕಟ್ಟೆಗಳಲ್ಲಿ ಇವು ಅಪರೂಪದ ಸಂಗತಿಗಳಲ್ಲವೆಂಬುದು ವಿಷಾದಕರ.

ಎರಡನೆಯದು ಏರಿಯ ಒಡಲಿನಲ್ಲಿ ಸಾಗುವ ನೀರು. ಯಾವ ಮಣ್ಣಿನ ಏರಿಯೂ ಸಂಪೂರ್ಣ ಜಲಬಂಧಿಯಲ್ಲ. ಸ್ವಲ್ಪ ಒಸರು ಇದ್ದೇ ಇರುತ್ತದೆ. ಒಸರುವ ನೀರು ತಿಳಿಯಾಗಿ, ಒಂದೇ ಪ್ರಮಾಣದಲ್ಲಿ ಇರುವವರೆಗೆ ಗಾಬರಿಗೆ ಕಾರಣವಿಲ್ಲ. ಅದು ಕದಡಿ ಬರತೊಡಗಿದರೆ ಒಳಗಿನ ಮಣ್ಣು ಕಣ ಕಣವಾಗಿ ಹೊರಬರುತ್ತಿದೆ ಎಂದು ಅರ್ಥ. ಹೊರಗಿನಿಂದ ಒಳಕ್ಕೆ ಒಂದು ಸುರಂಗ ಬೆಳೆಯುತ್ತಾ ಹೋಗಿ ಜಲಾಶಯವನ್ನು ಮುಟ್ಟಿದಾಗ ಏರಿ ಕುಸಿಯುತ್ತದೆ. ಇಂಜಿನಿಯರರು ಇದನ್ನು ಪೈಪಿಂಗ್ ಎನ್ನುತ್ತಾರೆ. ಹೆಗ್ಗಣ ಮುಂತಾದ ಪ್ರಾಣಿಗಳ ಬಿಲ, ಏರಿಯಲ್ಲಿ ಹೂತಿರುವ ತುಕ್ಕು ಹಿಡಿದ ಕೊಳವೆ, ಕಡಿದ ಮರದ ಕೊಳೆತ ಬೇರು, ಇವೆಲ್ಲವೂ ಈ ಸುರಂಗಕ್ಕೆ ಸಿದ್ಧವಾದ ಹಾದಿಗಳು. ನೆರಳಿಗೆಂದು ಏರಿಯ ಮೇಲೆ ಮರ ಬೆಳೆಸುವವರು ಈ ಮಾತನ್ನು ಗಮನಿಸಬೇಕು. ಈ ತಿಳಿವಳಿಕೆ ಹೊಸದೇನಲ್ಲ. ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ದೊರೆತಿರುವ, ವಿಜಯನಗರದ ಕಾಲದ 1369ರ ಸಂಸ್ಕೃತ ಶಾಸನವು ಕೆರೆಗೆ ಆರು ದೋಷಗಳನ್ನು ಹೇಳುವಾಗ ಏರಿಯಿಂದ ನೀರು ಒಸರುವುದನ್ನೂ ಎಣಿಸಿದೆ.

ಒಡೆದ ಕಟ್ಟೆಯಿಂದ ನೆರೆಯವನಿಗೆ ಹಾನಿಯಾದರೆ ಅದನ್ನು ತುಂಬಿಕೊಡಬೇಕಾದವರು ಯಾರು? ಲ್ಯಾಂಕಶೈರಿನ ಗಿರಣಿಯ ಮಾಲೀಕರು ಕಟ್ಟಿಸಿದ ಜಲಾಶಯದ ನೀರು ಹಳೆಯ ಗಣಿಮಾರ್ಗಗಳ ಮೂಲಕ ನುಗ್ಗಿ ನೆರೆಯವನ ಕಲ್ಲಿದ್ದಲು ಗಣಿಯನ್ನು ತುಂಬಿದ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1868ರಲ್ಲಿ ತೀರ್ಪಿತ್ತಿತು. ತಪ್ಪಿಸಿಕೊಂಡರೆ ಹಾನಿಮಾಡುವ ವಸ್ತುವನ್ನು ತನ್ನ ಪ್ರಯೋಜನಕ್ಕಾಗಿ ಜಮೀನಿನಲ್ಲಿ ಸಂಗ್ರಹಿಸಿದವನು, ತನ್ನ ಅಜಾಗ್ರತೆ ಇರಲಿ ಇಲ್ಲದಿರಲಿ, ನಷ್ಟಕ್ಕೆ ಹೊಣೆಗಾರನೆಂಬುದು ಅದರ ಸಾರ. ಆರು ವರ್ಷಗಳ ತರುವಾಯ ಇದೇ ಪ್ರಶ್ನೆ ನಮ್ಮ ನೆಲದಿಂದ ಪ್ರೀವಿ ಕೌನ್ಸಿಲ್‌ವರೆಗೆ ಹೋಯಿತು. ಈಗ ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆಯಲ್ಲಿರುವ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಅತಿವೃಷ್ಟಿಯಲ್ಲಿ ಒಡೆದು ಮದರಾಸು ರೈಲ್ವೆ ಕಂಪನಿಯ ಸೇತುವೆಗಳನ್ನು ಕೊಚ್ಚಿಹಾಕಿದ್ದವು. ಇಂಗ್ಲೆಂಡಿನ ನಿಯಮ ಇಲ್ಲಿಗೆ ಅನ್ವಯಿಸದೆಂದು 1874ರಲ್ಲಿ ತೀರ್ಮಾನವಾಯಿತು. ಕೆರೆಗಳು ಜಮೀನ್ದಾರನ ಸ್ವಂತ ಲಾಭದ ಸೊತ್ತಲ್ಲ. ಅವು ಪ್ರಾಚೀನ ಕಾಲದಿಂದ ಬಂದ ದೇಶದ ನೀರಾವರಿ ವ್ಯವಸ್ಥೆಯ ಅಂಗ. ಅವನ್ನು ಉಳಿಸಿಕೊಂಡು ಬರುವುದು ಅವನ ಕರ್ತವ್ಯ. ಆದ್ದರಿಂದ ಅಜಾಗ್ರತೆ ರುಜುವಾತಾದ ಹೊರತು ಆತ ಹೊಣೆಗಾರನಲ್ಲ ಎಂಬುದು ಅದರ ತರ್ಕ. ವಿವೇಕಯುತವಾದ ತೀರ್ಪು ಇದು. ಆದರೆ ದೋಣಿವಿಹಾರಕ್ಕೆಂದು ಕಟ್ಟಿದ ಕೊಳದ ಒಡೆಯನು ಇದರ ಆಶ್ರಯ ಪಡೆಯುವುದು ಸುಲಭವಲ್ಲವೆಂಬುದೂ ಅದೇ ತರ್ಕದಿಂದ ಹೊರಡುತ್ತದೆ.

ನ್ಯಾಯಾಲಯದ ಪರಿಹಾರ ಬರುವುದು ಏರಿ ಒಡೆದ ಮೇಲೆ. ಒಡೆಯುವ ಮೊದಲೇ ನೋಡುವ ವ್ಯವಸ್ಥೆ ಬ್ರಿಟನ್ನಿನಲ್ಲಿ ಬಂದದ್ದು ವೇಲ್ಸಿನ ಡಾಲ್ಗಾರಗ್ ದುರಂತದಿಂದ. 1925ರ ನವೆಂಬರ್ 2ರಂದು ಅಲ್ಲಿನ ಅಲ್ಯೂಮಿನಿಯಂ ಕಂಪನಿಯೊಂದರ ಮೇಲಿನ ಅಣೆಕಟ್ಟು ಒಡೆದು, ಆ ಪ್ರವಾಹ ಕೆಳಗಿನ ಮಣ್ಣಿನ ಅಣೆಕಟ್ಟನ್ನೂ ಕೊಚ್ಚಿಕೊಂಡು ಹೋಗಿ 16 ಜನ ಸತ್ತರು. 1930ರ ಕಾನೂನು ದೊಡ್ಡ ಜಲಾಶಯಗಳನ್ನು, ಒಡೆಯರು ಯಾರೇ ಆಗಿರಲಿ, ಹತ್ತು ವರ್ಷಕ್ಕೊಮ್ಮೆ ಅರ್ಹ ಇಂಜಿನಿಯರರಿಂದ ತಪಾಸಣೆ ಮಾಡಿಸಬೇಕೆಂದು ವಿಧಿಸಿತು.

ಅಮೆರಿಕದಲ್ಲಿ ಈ ಎಚ್ಚರ ಮೂಡಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಜಾರ್ಜಿಯಾ ರಾಜ್ಯದ ಟಾಕೋವಾ ಎಂಬಲ್ಲಿ 1899ರಲ್ಲಿ ವಿದ್ಯುತ್ ಉತ್ಪಾದನೆಗೆಂದು ಕಲ್ಲು ತುಂಬಿದ ಒಂದು ಕಟ್ಟೆ ಕಟ್ಟಲಾಗಿತ್ತು. ಅದು ಅಲ್ಲಿನ ಧಾರ್ಮಿಕ ವಿದ್ಯಾಸಂಸ್ಥೆಯೊಂದಕ್ಕೆ ಸೇರಿದ ನಂತರ ಅದರ ಮೇಲೆಯೇ ಮಣ್ಣು ಹೇರಿ, ಮುಂದೆ ಇನ್ನಷ್ಟು ಎತ್ತರಿಸಿ, ಸುಮಾರು 12 ಮೀಟರ್ ಎತ್ತರದ ಕೆಲ್ಲಿ ಬಾರ್ನ್ಸ್ ಅಣೆಕಟ್ಟಾಯಿತು. 1957ರಲ್ಲಿ ವಿದ್ಯುತ್ ಉತ್ಪಾದನೆ ನಿಂತು, ಸುಮಾರು 40 ಎಕರೆಯ ಕೆರೆ ವಿಹಾರಕ್ಕಷ್ಟೇ ಉಳಿಯಿತು. ಏರಿಯ ಹಿಂಬದಿ ಬಹಳ ಕಡಿದಾಗಿತ್ತು. ಅಲ್ಲಿ ಮರಗಿಡಗಳು ಬೆಳೆದಿದ್ದವು. 1973ರಲ್ಲಿ ತೆಗೆದ ಛಾಯಾಚಿತ್ರವೊಂದರಲ್ಲಿ ಹಿಂಬದಿಯ ಮಣ್ಣು ಸುಮಾರು 12 ಅಡಿ ಎತ್ತರ, 30 ಅಡಿ ಅಗಲಕ್ಕೆ ಜಾರಿರುವುದು ಕಾಣುತ್ತದೆ.

1977ರ ನವೆಂಬರ್ ಮೊದಲ ವಾರದ ನಾಲ್ಕು ದಿನಗಳಲ್ಲಿ ಅಲ್ಲಿ ಸುಮಾರು 7 ಅಂಗುಲ ಮಳೆಯಾಯಿತು. ನವೆಂಬರ್ 6ರ ನಡುರಾತ್ರಿ ದಾಟಿ ಒಂದೂವರೆ ಗಂಟೆಗೆ ಏರಿ ಒಡೆಯಿತು. ನೀರು ಜಲಪಾತದಿಂದ ಧುಮುಕಿ ಕೆಳಗಿನ ಕಾಲೇಜಿನ ಆವರಣಕ್ಕೆ ನುಗ್ಗಿತು. ಮಲಗಿದ್ದ ಮಕ್ಕಳೂ ಸೇರಿ 39 ಜನ ಪ್ರಾಣ ಕಳೆದುಕೊಂಡರು. ಪ್ರವಾಹದ ಗರಿಷ್ಠ ಪ್ರಮಾಣ ಸೆಕೆಂಡಿಗೆ ಸುಮಾರು 680 ಘನ ಮೀಟರ್ ಇದ್ದಿತೆಂದು ಅಂದಾಜು ಮಾಡಲಾಗಿದೆ. ಕಾರಣ ಇದೊಂದೇ ಎಂದು ತನಿಖಾ ಮಂಡಳಿ ಹೇಳಲಾಗಲಿಲ್ಲ. ಕಡಿದಾದ ಇಳಿಜಾರಿನ ಕುಸಿತ, ಒಡಲಿನ ಒಸರು, ಕೆಳಗಿನ ಕೊಳವೆಯ ಶಿಥಿಲತೆ ಕೂಡಿ ಕೆಲಸ ಮಾಡಿದ್ದಿರಬಹುದೆಂದು ಅದು ಅಭಿಪ್ರಾಯಪಟ್ಟಿತು.

ಸರ್ಕಾರೇತರ ಅಣೆಕಟ್ಟುಗಳನ್ನು ತಪಾಸಣೆ ಮಾಡಬೇಕೆಂಬ ಕಾನೂನು ಅಮೆರಿಕದಲ್ಲಿ 1972ರಿಂದಲೇ ಇತ್ತು. ಆದರೆ ತಪಾಸಣೆಗೆ ಹಣ ಒದಗಿಸಿರಲಿಲ್ಲ. ಟಾಕೋವಾ ದುರಂತದ ನಂತರ ಜಾರ್ಜಿಯಾದವರೇ ಆದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಆದೇಶ ಹೊರಡಿಸಿದರು. 1978ರಿಂದ 1981ರವರೆಗೆ ಸೇನೆಯ ಇಂಜಿನಿಯರರು ಸುಮಾರು 8,800 ಅಣೆಕಟ್ಟುಗಳನ್ನು ಪರಿಶೀಲಿಸಿದಾಗ ಮೂರರಲ್ಲಿ ಒಂದು ಸುರಕ್ಷಿತವಲ್ಲವೆಂದು ಕಂಡುಬಂತು. ಅಷ್ಟಾದರೂ ಲೋಪಗಳು ಉಳಿದೇ ಇದ್ದವು. ಹವಾಯಿಯ ಕವಾಯ್ ದ್ವೀಪದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಬ್ಬಿನ ತೋಟಕ್ಕೆಂದು ಕಟ್ಟಿದ್ದ ಖಾಸಗಿ ಮಣ್ಣಿನ ಅಣೆಕಟ್ಟು 2006ರ ಮಾರ್ಚ್ 14ರಂದು ಒಡೆದು ಏಳು ಜನ ಸತ್ತರು. ಆ ಬಳಿಕವೇ ಆ ರಾಜ್ಯ ತನ್ನ ಕಾನೂನನ್ನು ಬಿಗಿಗೊಳಿಸಿದ್ದು.

ಅಮೆರಿಕದ ಪದ್ಧತಿಯಲ್ಲಿ ಅನುಕರಣೀಯವಾದ ಅಂಶವೊಂದಿದೆ. ಅಲ್ಲಿ ಅಣೆಕಟ್ಟನ್ನು ‘ಹೆಚ್ಚು ಅಪಾಯದ್ದು’ ಎಂದು ವರ್ಗೀಕರಿಸುವುದು ಅದು ಶಿಥಿಲವಾಗಿದೆ ಎಂಬ ಕಾರಣಕ್ಕಲ್ಲ. ಒಡೆದರೆ ಕೆಳಗೆ ಜೀವಹಾನಿ ಆಗುವುದೆಂಬ ಕಾರಣಕ್ಕೆ. ಹೊಲಗಳ ಮೇಲ್ಭಾಗದಲ್ಲಿದ್ದ ಕಟ್ಟೆಯ ಕೆಳಗೆ ಹತ್ತು ವರ್ಷದಲ್ಲಿ ಬಡಾವಣೆ ಎದ್ದರೆ, ಏರಿಯ ಒಂದು ಬುಟ್ಟಿ ಮಣ್ಣೂ ಅಲುಗದಿದ್ದರೂ ಅದರ ವರ್ಗ ಬದಲಾಗುತ್ತದೆ. ಪುಣೆ, ಹೈದರಾಬಾದುಗಳಂತಹ ನಗರಗಳು ಬೆಳೆಯುತ್ತಿರುವ ರೀತಿಯನ್ನು ಬಲ್ಲವರಿಗೆ ಇದರ ಮಹತ್ವ ವಿವರಿಸಬೇಕಾಗಿಲ್ಲ.

ಭಾರತದಲ್ಲಿ ಅಣೆಕಟ್ಟು ಸುರಕ್ಷತಾ ಅಧಿನಿಯಮ, 2021 ಆ ವರ್ಷದ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. ಇದರ ಮೇರೆಗೆ ರಾಷ್ಟ್ರೀಯ ಅಣೆಕಟ್ಟು ಸುರಕ್ಷತಾ ಪ್ರಾಧಿಕಾರವೂ ರಾಜ್ಯಗಳ ಸುರಕ್ಷತಾ ಸಂಸ್ಥೆಗಳೂ ಏರ್ಪಟ್ಟಿವೆ. ಸರ್ಕಾರವಿರಲಿ, ಖಾಸಗಿ ಕಂಪನಿಯಿರಲಿ, ಒಡೆಯನು ಸುರಕ್ಷತಾ ಘಟಕವನ್ನು ಇಟ್ಟು, ಮುಂಗಾರಿಗೆ ಮೊದಲು ಮತ್ತು ನಂತರ ತಪಾಸಣೆ ಮಾಡಿಸಬೇಕು. ದುರಸ್ತಿಗೆ ಹಣ ತೆಗೆದಿರಿಸಬೇಕು. ತುರ್ತು ಕಾರ್ಯಯೋಜನೆ ಸಿದ್ಧಪಡಿಸಬೇಕು. ತಪ್ಪಿದವರಿಗೆ ಒಂದು ವರ್ಷದವರೆಗೆ, ಜೀವಹಾನಿಯಾದರೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ದುರಸ್ತಿಗೆ ಹಣ ತೆಗೆದಿರಿಸುವ ಕ್ರಮ ಕನ್ನಡ ನಾಡಿಗೆ ಹೊಸದಲ್ಲ. ಕೆರೆಯ ಜೀರ್ಣೋದ್ಧಾರಕ್ಕೆಂದೇ ಭೂಮಿ ಬಿಡುತ್ತಿದ್ದ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ಗಳನ್ನು ಶಾಸನಗಳಲ್ಲಿ ಧಾರಾಳವಾಗಿ ಕಾಣಬಹುದು.

ಆದರೆ ಅಧಿನಿಯಮದ ವ್ಯಾಪ್ತಿಗೆ ಬರುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳು. 10ರಿಂದ 15 ಮೀಟರಿನವಾದರೆ ಉದ್ದ 500 ಮೀಟರ್, ಸಂಗ್ರಹ 10 ಲಕ್ಷ ಘನ ಮೀಟರ್, ಗರಿಷ್ಠ ಪ್ರವಾಹ ಸೆಕೆಂಡಿಗೆ 2,000 ಘನ ಮೀಟರ್, ಇವುಗಳಲ್ಲಿ ಒಂದನ್ನಾದರೂ ಮುಟ್ಟಿರಬೇಕು, ಇಲ್ಲವೇ ತಳಪಾಯದ ವಿಶೇಷ ತೊಡಕು ಅಥವಾ ಅಸಾಮಾನ್ಯ ವಿನ್ಯಾಸ ಇರಬೇಕು. ಕೆಲ್ಲಿ ಬಾರ್ನ್ಸ್ ಅಣೆಕಟ್ಟು ಸುಮಾರು 120 ಮೀಟರ್ ಉದ್ದವಿತ್ತು. ಒಡೆದಾಗ ಅದರಲ್ಲಿದ್ದ ನೀರು ಎಂಟು ಲಕ್ಷ ಘನ ಮೀಟರಿಗಿಂತ ಕಡಿಮೆ. ಮೇಲಿನ ಮೂರು ಅಳತೆಗಳಲ್ಲಿ ಯಾವುದನ್ನೂ ಅದು ಮುಟ್ಟುತ್ತಿರಲಿಲ್ಲ. ಅಸಾಮಾನ್ಯ ವಿನ್ಯಾಸವೆಂಬ ಕಾರಣದಿಂದ ಸೇರಿಸಬಹುದಾಗಿತ್ತು. ಆದರೆ ಮಣ್ಣಿನ ಕೆಳಗೆ ಹಳೆಯ ಕಟ್ಟೆಯಿದೆ ಎಂಬುದನ್ನು ಮೊದಲು ಯಾರಾದರೂ ಹೋಗಿ ನೋಡಬೇಕಿತ್ತು. ಹತ್ತು ಮೀಟರಿಗಿಂತ ತಗ್ಗಾದ ಕಟ್ಟೆಗಳಂತೂ ಈ ಅಧಿನಿಯಮದ ಹೊರಗೇ ಉಳಿಯುತ್ತವೆ. ಅವುಗಳ ವಿಷಯದಲ್ಲಿ ಕೈಹಾಕಬಲ್ಲವರು ರಾಜ್ಯದ ಜಲಸಂಪನ್ಮೂಲ ಇಲಾಖೆ, ಸ್ಥಳೀಯ ಸಂಸ್ಥೆಗಳು ಮತ್ತು 2005ರ ವಿಪತ್ತು ನಿರ್ವಹಣಾ ಅಧಿನಿಯಮದ ಅನುಸಾರ ಜಿಲ್ಲಾಡಳಿತ.

ಆದಕಾರಣ ಕೆಳಗೆ ವಾಸಿಸುವವರ ಕಣ್ಣು ಇಲ್ಲಿ ಬಹಳ ಮುಖ್ಯವಾದುದು. 2019ರ ಜುಲೈ 2ರ ರಾತ್ರಿ ಒಡೆದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಖಾಸಗಿಯದಲ್ಲ, ಸರ್ಕಾರದ್ದೇ. ಆದರೂ ಅಲ್ಲಿ ಸೋರಿಕೆಯನ್ನು ಗ್ರಾಮಸ್ಥರು ಮೊದಲೇ ಗಮನಿಸಿದ್ದರೆಂಬುದು ನೆನಪಿಡತಕ್ಕ ಸಂಗತಿ. ಏರಿಯ ಬುಡದಲ್ಲಿ ಹೊಸದಾಗಿ ಜೌಗು ಕಂಡರೆ, ಬೇಸಗೆಯಲ್ಲಿಯೂ ಒಂದೆಡೆ ಮಾತ್ರ ಹುಲ್ಲು ಹಚ್ಚಗಿದ್ದರೆ, ನೆತ್ತಿಯಲ್ಲಿ ಉದ್ದುದ್ದ ಬಿರುಕು ಅಥವಾ ತಗ್ಗು ಬಿದ್ದರೆ, ಕೋಡಿ ಮುಚ್ಚಿದ್ದರೆ, ದಿನಾಂಕ ಸಹಿತ ಛಾಯಾಚಿತ್ರ ತೆಗೆದು ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸುವುದು ಒಳ್ಳೆಯದು. ಒಸರು ಕದಡಿ ಬರುತ್ತಿದ್ದರೆ, ಅಥವಾ ನೀರು ನೆತ್ತಿಯನ್ನು ಸಮೀಪಿಸಿದ್ದರೆ ಅರ್ಜಿ ಬರೆಯುತ್ತಾ ಕೂರುವ ಕಾಲವಲ್ಲ. ಜಿಲ್ಲಾ ನಿಯಂತ್ರಣ ಕೊಠಡಿಗೆ 1077ರಲ್ಲಿ, ಇಲ್ಲವೇ 112ರಲ್ಲಿ ಕರೆಮಾಡಿ, ಕೆಳಗಿನ ಮನೆಗಳವರನ್ನು ಎಬ್ಬಿಸಿ, ಹಳ್ಳದ ಜಾಡು ಹಿಡಿದು ಕೆಳಕ್ಕೆ ಓಡದೆ ಪಕ್ಕದ ದಿಬ್ಬವನ್ನು ಹತ್ತಬೇಕು.