ಕೆಗ್ ಸೋರುತ್ತಿದೆಯಾ? ಮೊದಲು ರಬ್ಬರ್ ನೋಡಿ

ಅಮೆರಿಕ ಬಿಟ್ಟು ಕೊಪ್ಪದ ತೋಟಕ್ಕೆ ವಾಪಸ್ ಬಂದ ಭಾವನ ಸಾಮಾನಿನಲ್ಲಿ ಎರಡು ಸ್ಟೀಲ್ ಕೆಗ್‌ಗಳೂ ಇದ್ದವು. ಒಂದೊಂದು ಸುಮಾರು 19 ಲೀಟರ್ ಹಿಡಿಯುತ್ತದೆ. ಅಲ್ಲಿ ಮನೆಯಲ್ಲೇ ಮಾಡಿದ ಬಿಯರನ್ನು ಇದರಲ್ಲಿ ತುಂಬಿಡುತ್ತಿದ್ದರಂತೆ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಅಲ್ಲಿ ಅದಕ್ಕೆ ದಾರಿಯಾಯಿತು. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಹಾಗಾಗಿ ಕೆಗ್‌ಗೆ ಬಿದ್ದದ್ದು ಪುನರ್ಪುಳಿ ಸೋಡಾ. ಕೆಗ್‌ಗೇನೂ ಇದರಿಂದ ಅವಮಾನವಿಲ್ಲ. ಇಂಥವು ಹುಟ್ಟಿದ್ದೇ ಪೆಪ್ಸಿ, ಕೋಕ್ ಸಿರಪ್ ಸಾಗಿಸಲು. ಬಿಯರ್ ಮಾಡುವವರ ಕೈಗೆ ಬಂದದ್ದು ಆಮೇಲೆ.

ತೊಂದರೆ ಶುರುವಾದದ್ದು ಗ್ಯಾಸಿನಿಂದ. ಸಂಜೆ ತುಂಬಿದ್ದ ಸಿಲಿಂಡರಿನ ಮುಳ್ಳು ಬೆಳಿಗ್ಗೆ ಸೊನ್ನೆಗೆ ಬಂದಿತ್ತು. ಮತ್ತೆ ತುಂಬಿಸಲು ಶಿವಮೊಗ್ಗಕ್ಕೆ ಹೋಗಬೇಕು. ಭಾನುವಾರ ಶೃಂಗೇರಿಯಲ್ಲಿ ಚಿಕ್ಕಮ್ಮನ ಮನೆ ಒಕ್ಕಲು, ಸೋಡಾ ತರುತ್ತೇವೆ ಅಂತ ಭಾವ ಒಪ್ಪಿಕೊಂಡಾಗಿತ್ತು. ಆದರೆ ನನಗೆ ಹೆದರಿಕೆ ಹುಟ್ಟಿಸಿದ್ದು ಅದಲ್ಲ. ಸಿಲಿಂಡರ್ ಇದ್ದದ್ದು ಉಗ್ರಾಣದಲ್ಲಿ, ಅದರ ಪಕ್ಕದಲ್ಲೇ ಅಜ್ಜಿ ಮಲಗುವ ಕೋಣೆ. ಅಡುಗೆ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ಕಾರ್ಬನ್ ಡೈಆಕ್ಸೈಡ್‌ಗೆ ವಾಸನೆಯೇ ಇಲ್ಲ. ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಮುಚ್ಚಿದ ಕೋಣೆಯಲ್ಲಿ ನೆಲದ ಹತ್ತಿರವೇ ತುಂಬಿಕೊಳ್ಳುತ್ತದೆ. ಅವತ್ತೇ ಎಲ್ಲವನ್ನೂ ಜಗಲಿಗೆ ಸಾಗಿಸಿದೆವು. ನಿಮ್ಮದು ಬೆಂಗಳೂರಿನ ಪುಟ್ಟ ಫ್ಲ್ಯಾಟ್ ಆದರೂ ಸರಿ, ಸಿಲಿಂಡರ್ ಬಾಲ್ಕನಿಯಲ್ಲಿರಲಿ, ನೆಟ್ಟಗೆ ನಿಂತಿರಲಿ, ಬಳಸಿದ ಮೇಲೆ ವಾಲ್ವ್ ಮುಚ್ಚಿ.

ಸ್ಟೀಲ್ ಸೀಳಿರಬೇಕು, ವೆಲ್ಡಿಂಗ್ ಮಾಡಿಸಬೇಕು ಅಂತ ಭಾವನ ವಾದ. ಅಪ್ಪಯ್ಯ ಬಕೆಟ್ಟಿನಲ್ಲಿ ಸೋಪಿನ ನೊರೆ ಮಾಡಿಕೊಂಡು ಬಂದರು. ಗೋಬರ್ ಗ್ಯಾಸಿನ ಪೈಪಿಗೆ ವರ್ಷ ವರ್ಷ ನೊರೆ ಹಚ್ಚಿ ನೋಡಿದ ಕೈ ಅದು. "ಸ್ಟೀಲ್ ಎಂತ ಸೀಳೂದು ಮಾರಾಯ, ಜಾಯಿಂಟ್ ನೋಡು ಮೊದಲು" ಅಂದರು. ಸರಿಯಾಗೇ ಹೇಳಿದ್ದರು. ಕೆಗ್‌ನಲ್ಲಿ ಸೋರುವುದು ಹೆಚ್ಚಾಗಿ ರಬ್ಬರಿನ ಓ-ರಿಂಗ್‌ಗಳಲ್ಲಿ. ಒಟ್ಟು ಐದು ಇರುತ್ತವೆ: ದೊಡ್ಡ ಮುಚ್ಚಳಕ್ಕೆ ಒಂದು, ಗ್ಯಾಸ್ ಮತ್ತು ಪಾನೀಯದ ಎರಡು ಪೋಸ್ಟ್‌ಗಳ ಹೊರಗೆ ಒಂದೊಂದು, ಪೋಸ್ಟ್ ಒಳಗಿನ ಕೊಳವೆಗಳಿಗೆ ಒಂದೊಂದು. ಪೋಸ್ಟ್ ಒಳಗೆ ಸ್ಪ್ರಿಂಗ್ ಇರುವ ಪುಟ್ಟ ಪಾಪೆಟ್ ಬೇರೆ.

ಖಾಲಿ ಕೆಗ್‌ನಲ್ಲೇ ಪರೀಕ್ಷೆ ಮಾಡಿ. ಒಳಗೆ ತಣ್ಣನೆ ಸೋಡಾ ಇದ್ದರೆ ನೀರೇ ಗ್ಯಾಸ್ ಹೀರಿಕೊಂಡು ಮುಳ್ಳು ಇಳಿಯುತ್ತದೆ; ಸೋರಿಕೆ ಇಲ್ಲದಿದ್ದರೂ ಇದೆ ಅನ್ನಿಸುತ್ತದೆ. 30 ಪಿಎಸ್‌ಐ ಒತ್ತಡ ಕೊಟ್ಟು ನೊರೆ ಸುರಿದಾಗ ನಮಗೆ ಒಂದು ಗುಳ್ಳೆಯೂ ಕಾಣಲಿಲ್ಲ. ಭಾವ ಇನ್ನೇನು ಗೆದ್ದರು ಅನ್ನುವಷ್ಟರಲ್ಲಿ ಅಪ್ಪಯ್ಯ "ಒತ್ತಡ ಇಳಿಸಿ ನೋಡು" ಅಂದರು. 8ಕ್ಕೆ ಇಳಿಸಿದ್ದೇ ತಡ, ಮುಚ್ಚಳದ ಅಂಚಿನಲ್ಲಿ ಗುಳ್ಳೆ ಸಾಲಾಗಿ ಎದ್ದವು. ಈ ಮುಚ್ಚಳ ಒಳಗಿನಿಂದ ಕೂರುವಂಥದ್ದು. ಒತ್ತಡ ಜಾಸ್ತಿ ಇದ್ದಾಗ ಗ್ಯಾಸೇ ಅದನ್ನು ಅಂಚಿಗೆ ಒತ್ತಿ ಹಿಡಿಯುತ್ತದೆ, ಕಡಿಮೆಯಾದರೆ ಸಡಿಲ ಬಿಡುತ್ತದೆ. ಎಷ್ಟೋ ಜನ ಹೆಚ್ಚಿನ ಒತ್ತಡದಲ್ಲಿ ಮಾತ್ರ ನೋಡಿ, ಸರಿ ಇದೆ ಅಂದುಕೊಂಡು ಬಿಡುತ್ತಾರೆ.

ಗುಳ್ಳೆ ಪೋಸ್ಟಿನ ಬಾಯಲ್ಲೇ ಬಂದರೆ ಅದು ಪಾಪೆಟ್. ಕಸ ಸಿಕ್ಕಿರುತ್ತದೆ, ನಾಲ್ಕೈದು ಸಲ ಒತ್ತಿ ಬಿಡಿ. ಪೋಸ್ಟಿನ ಬುಡದಲ್ಲಿ ಬಂದರೆ ಒಳಗಿನ ಕೊಳವೆಯ ಓ-ರಿಂಗ್.

ಬಿಚ್ಚುವ ಮೊದಲು ಒಂದು ಮಾತು, ಇದನ್ನು ಮಾತ್ರ ಮರೆಯಬೇಡಿ: ಗ್ಯಾಸ್ ಪೈಪ್ ತೆಗೆದು, ರಿಲೀಫ್ ವಾಲ್ವ್ ಎತ್ತಿ ಒತ್ತಡ ಪೂರ್ತಿ ಬಿಡಿ. ಒತ್ತಡ ಇರುವಾಗ ಪೋಸ್ಟಿಗೆ ಸ್ಪ್ಯಾನರ್ ಹಾಕಿದರೆ ಅದು ಹಾರಿ ಮುಖಕ್ಕೆ ಬರುತ್ತದೆ. ಎರಡೂ ಪೋಸ್ಟ್ ನೋಡಲು ಒಂದೇ ಥರ, ಅಳತೆ ಸ್ವಲ್ಪ ಬೇರೆ. ಬಿಚ್ಚಿದ್ದನ್ನು ಬೇರೆ ಬೇರೆ ಬಟ್ಟಲಲ್ಲಿಡಿ.

ಔಷಧಿ ಹೊಡೆಯುವ ಪಂಪ್ ರಿಪೇರಿ ಮಾಡುವ ಎನ್.ಆರ್.ಪುರದ ಅಂಗಡಿಯೊಂದರಲ್ಲಿ ಪೋಸ್ಟಿನ ಅಳತೆಯ ರಿಂಗ್ ಸಿಕ್ಕಿತು. ಅಂಗಡಿಯವರು "ಬೋರ್ಡೋಗಾ ಸಾರ್?" ಅಂತ ಕೇಳಿದರು. ಅಳತೆ ನೋಡಲು ಅದು ಸಾಕು, ಕುಡಿಯುವುದಕ್ಕೆ ಬೇಡ. ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ರಿಂಗ್‌ಗಳನ್ನು ಆನ್‌ಲೈನಲ್ಲಿ ತರಿಸಿದೆವು. ಐದನ್ನೂ ಬದಲಿಸಿದೆವು, ಹಳೆಯ ರಬ್ಬರಿಗೆ ಹಿಡಿದ ಬಿಯರ್ ವಾಸನೆ ಪುನರ್ಪುಳಿಗೂ ಬರುತ್ತಿತ್ತು. ಹಚ್ಚಲು ತಿನ್ನುವ ವಸ್ತುಗಳಿಗೆ ಬಳಸುವ ಸಿಲಿಕೋನ್ ಗ್ರೀಸ್ ಮಾತ್ರ. ವ್ಯಾಸಲೀನ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ತೆಂಗಿನೆಣ್ಣೆ ಕಮಟುತ್ತದೆ.

ಮುಚ್ಚಳವನ್ನು ಕೈಯಲ್ಲಿ ಮೇಲಕ್ಕೆ ಎಳೆದು ಹಿಡಿದು 30 ಪಿಎಸ್‌ಐ ಕೊಟ್ಟು ಕೂರಿಸಿ, 8ಕ್ಕೆ ಇಳಿಸಿ, ಪೈಪ್ ತೆಗೆದಿಟ್ಟೆವು. ಬೆಳಿಗ್ಗೆ ಮತ್ತೆ ಗೇಜ್ ಹಾಕಿದರೆ ಮುಳ್ಳು 8ರಲ್ಲೇ ಇತ್ತು.

ಎರಡನೇ ಕೆಗ್‌ನ ಬಾಯಿ ಸಾಗಾಟದಲ್ಲಿ ತಗ್ಗಾಗಿದೆ. ಮೆತ್ತನೆಯ ದಪ್ಪ ರಿಂಗ್ ಹಾಕಿದರೆ ಕೂರಬಹುದು ಅಂತ ಭಾವ. ಅಪ್ಪಯ್ಯನಿಗೆ ನಂಬಿಕೆಯಿಲ್ಲ. ರಿಂಗ್ ಇನ್ನೂ ಬಂದಿಲ್ಲ, ಶೃಂಗೇರಿಗೆ ಒಂದೇ ಕೆಗ್ ಹೋಯಿತು.