ಕೆರೆಗೊಂದು ಡ್ರೋನ್, ಕಿಲ್ಲೆಗೊಂದು

ಸೊಲ್ಲಾಪುರದ ಸಿದ್ಧೇಶ್ವರ ಗುಡಿಯ ಮುಂದೆ ನಿಂತರೆ ಕಾಣುವುದು ಶಿಖರ ಮತ್ತು ಜನ. ಸುತ್ತಲೂ ಕೆರೆಯ ನೀರಿರುವ ಆ ಗುಡಿಯ ನಿಜವಾದ ಚೆಲುವು ಕಾಣಬೇಕಾದರೆ ಮೇಲೇರಬೇಕು. ಪಕ್ಕದ ಭುಯಿಕೋಟ ಕಿಲ್ಲೆಯ ಸೊಗಸು ಇದಕ್ಕೆ ತಿರುಗುಮುರುಗು. ಬಾಗಿಲಿನ ಕತ್ತಲೆ ದಾಟಿ, ಬುರುಜಿನ ಮಗ್ಗುಲಲ್ಲಿ ಹೊರಳಿ ಒಳಹೊಕ್ಕಾಗಲೇ ಅದು ಮೈದೋರುವುದು. ಮದುವೆ, ಜಾತ್ರೆ ಚಿತ್ರಿಸುವ ನಮ್ಮ ಕಡೆಯ ಹುಡುಗರು "ಎಫ್‌ಪಿವಿ ತಗೊಳ್ಳೂನೋ, ಸಾದಾ ಡ್ರೋನೇ ಸಾಕೋ?" ಎಂದು ಕೇಳಿದಾಗ ನಾನು ಈ ಎರಡು ಜಾಗಗಳನ್ನೇ ತೋರಿಸುತ್ತೇನೆ.

ಸಾದಾ ಡ್ರೋನಿನ ರಿಮೋಟಿನ ಕಡ್ಡಿಯಿಂದ ಬೆರಳು ತೆಗೆದರೆ ಅದು ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ. ತಾನೆಲ್ಲಿದ್ದೇನೆ ಎಂಬುದನ್ನು ಉಪಗ್ರಹಗಳಿಂದ, ಎಷ್ಟು ಎತ್ತರದಲ್ಲಿದ್ದೇನೆ ಎಂಬುದನ್ನು ಗಾಳಿಯ ಒತ್ತಡದಿಂದ ತಿಳಿದುಕೊಳ್ಳುತ್ತದೆ. ನೆಲದ ಹತ್ತಿರ ಹೊಟ್ಟೆಯಡಿಯ ಪುಟ್ಟ ಕ್ಯಾಮೆರಾಗಳೂ ನೆರವಾಗುತ್ತವೆ. ಯಂತ್ರ ಓಲಾಡಿದರೂ ಗಿಂಬಲ್ ಎಂಬ ತೂಗುಚೌಕಟ್ಟಿನ ಮೂರು ಮೋಟಾರುಗಳು ಕ್ಯಾಮೆರಾವನ್ನು ಮಟ್ಟಸವಾಗಿ ಹಿಡಿದಿರುತ್ತವೆ. ಕೆರೆಯ ಮೇಲೆ ಮಾತ್ರ ಎಚ್ಚರ ಬೇಕು: ತೀರ ಕೆಳಗಿಳಿದರೆ ಅಲುಗುವ ತೆರೆಗಳು ಆ ಹೊಟ್ಟೆಯಡಿಯ ಕಣ್ಣಿಗೆ ಮೋಸ ಮಾಡುತ್ತವೆ.

ಎಫ್‌ಪಿವಿಯಲ್ಲಿ, ಅಂದರೆ 'ಫಸ್ಟ್ ಪರ್ಸನ್ ವ್ಯೂ' ಡ್ರೋನಿನಲ್ಲಿ, ಹಾರಿಸುವವನು ಕನ್ನಡಕದಂಥ ಪರದೆ ತೊಟ್ಟು, ಡ್ರೋನಿನ ಮೂಗಿನಲ್ಲೇ ಕೂತಂತೆ ನೋಡುತ್ತಾನೆ. ನುರಿತವರು ಹಾರಿಸುವ ಬಗೆಯಲ್ಲಿ ಅದು ತಾನಾಗಿ ನೆಟ್ಟಗಾಗುವುದಿಲ್ಲ. ಒಳಗಿನ ಗೈರೊಸ್ಕೋಪ್ ಸೆಕೆಂಡಿಗೆ ಸಾವಿರಾರು ಸಲ ತಿರುಗುವಿಕೆಯನ್ನು ಅಳೆಯುತ್ತದೆ, ನಿಜ. ಆದರೆ ಬೆರಳು ಹೇಳುವುದು ಎಷ್ಟು ಬೇಗ ಹೊರಳಬೇಕು ಎಂಬುದನ್ನಷ್ಟೆ. ಕಡ್ಡಿ ಬಿಟ್ಟರೆ ಬಾಗಿದ್ದು ಬಾಗಿಯೇ ಇರುತ್ತದೆ, ಹಾಗೇ ಜಾರಿ ಹೋಗುತ್ತದೆ. ಸಂಕ್ರಾಂತಿಗೆ ಸಿದ್ಧೇಶ್ವರನ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜದ ಎತ್ತರದ ಕೋಲು ಹೊತ್ತವನನ್ನು ನೋಡಿದ್ದೀರಲ್ಲ? ಕೋಲು ವಾಲುವ ಮೊದಲೇ ಅವನ ಮೈ ಸರಿದಿರುತ್ತದೆ. ಎಫ್‌ಪಿವಿ ಹಾರಿಸುವವನ ಹೆಬ್ಬೆರಳುಗಳಿಗೂ ಅದೇ ರೂಢಿ ಬರಬೇಕು. ಅದಕ್ಕೇ ಮೊದಲು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ವಾರಗಟ್ಟಲೆ ಬೀಳಬೇಕು, ಆಮೇಲೆ ಬಯಲಿಗೆ ಬರಬೇಕು.

ನಾಲ್ಕು ರೆಕ್ಕೆಯ ಡ್ರೋನ್ ಮುಂದೆ ಹೋಗಬೇಕಾದರೆ ಮುಂದಕ್ಕೆ ಬಾಗಲೇಬೇಕು. ಎಫ್‌ಪಿವಿಯ ಕ್ಯಾಮೆರಾ ಚೌಕಟ್ಟಿಗೇ ಬಿಗಿದಿರುತ್ತದೆ, ಬಾಗಿದಾಗ ನೆಲವನ್ನೇ ದಿಟ್ಟಿಸದಿರಲೆಂದು ಅದನ್ನು 20-30 ಡಿಗ್ರಿ ಮೇಲೆತ್ತಿ ಕೂರಿಸಿರುತ್ತಾರೆ. ಹಾಗಾಗಿ ಅದು ವೇಗದಲ್ಲಿದ್ದಾಗ ಮಾತ್ರ ನೇರ ನೋಡುತ್ತದೆ, ನಿಂತರೆ ಆಕಾಶ ನೋಡುತ್ತದೆ. ಓಡುವುದು ಅದರ ಹುಟ್ಟುಗುಣ. 2021ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಒಂದು ಬೌಲಿಂಗ್ ಅಂಗಳದೊಳಗೆ ಜೇ ಕ್ರಿಸ್ಟೆನ್ಸನ್ ಒಂದೇ ಹಾರಾಟದಲ್ಲಿ ತೆಗೆದ ಚಿತ್ರ ಜಗತ್ತನ್ನೇ ಬೆರಗಾಗಿಸಿದ್ದು ಈ ಗುಣದಿಂದ. ಉಪಗ್ರಹ ಸಂಕೇತ ಸರಿಯಾಗಿ ತಲುಪದ ಕಿಲ್ಲೆಯ ಬಾಗಿಲಲ್ಲೂ ಅದಕ್ಕೆ ಅಳುಕಿಲ್ಲ. ಬ್ಯಾಟರಿ ಮಾತ್ರ ಐದಾರು ನಿಮಿಷದ್ದು. ಸಾದಾ ಡ್ರೋನ್ ಅರ್ಧ ಗಂಟೆ ಹಾರೀತು.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. 15 ಡಿಗ್ರಿಯ ಗಾಳಿಗಿಂತ 43 ಡಿಗ್ರಿಯ ಗಾಳಿ ಸುಮಾರು ಶೇ. 9ರಷ್ಟು ತೆಳು. ರೆಕ್ಕೆ ಅಷ್ಟೇ ವೇಗದಲ್ಲಿ ತಿರುಗಿದರೂ ಎತ್ತುವ ಬಲ ಅಷ್ಟೇ ಪಾಲು ಇಳಿಯುತ್ತದೆ. ತೂಕಕ್ಕಿಂತ ಎಷ್ಟೋ ಪಟ್ಟು ಬಲವಿರುವ ಎಫ್‌ಪಿವಿಗೆ ಇದು ತಾಗದು. ಹಲವು ಸಾದಾ ಡ್ರೋನುಗಳಿಗೆ ತಯಾರಕರು 40 ಡಿಗ್ರಿಯ ಮಿತಿಯನ್ನೇ ಹಾಕಿರುತ್ತಾರೆ. ಮೇ ತಿಂಗಳ ಮದುವೆಗೆ ಬೆಳಗಿನ ಹೊತ್ತೇ ಒಳ್ಳೆಯದು.

ಕಾನೂನೂ ಆಯ್ಕೆಯನ್ನು ತಿದ್ದುತ್ತದೆ. 2022ರ ಫೆಬ್ರವರಿಯಿಂದ ವಿದೇಶದ ಸಿದ್ಧ ಡ್ರೋನುಗಳ ಆಮದಿಗೆ ತಡೆಯಿದೆ, ಬಿಡಿಭಾಗಗಳಿಗಿಲ್ಲ. ಎಫ್‌ಪಿವಿಯನ್ನು ಬೆಸುಗೆ ಹಾಕಿ ಕೈಯಾರೆ ಕಟ್ಟುವವರಿಗೆ ಇದು ಅನುಕೂಲ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ 8 ಕಿ.ಮೀ. ಒಳಗೆ ನೆಲದಿಂದಲೇ ನಿರ್ಬಂಧಿತ ವಲಯ. ಅಲ್ಲಿ ಅನುಮತಿಯಿಲ್ಲದೆ ಏರುವಂತಿಲ್ಲ. ಹೋಟಗಿ ರಸ್ತೆಯ ನಿಲ್ದಾಣದಿಂದಾಗಿ ಕೆರೆ, ಕಿಲ್ಲೆ ಎರಡೂ ಅದರೊಳಗೆ ಬರುತ್ತವೆ. ವಿಮಾನಗಳಿಗೆ ದಾರಿ ಮಾಡಲೆಂದು 2023ರ ಜೂನ್‌ನಲ್ಲಿ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನೇ ಉರುಳಿಸಿದ ಊರಿದು. ಸುಮಾರು 40 ಕಿ.ಮೀ. ಆಚೆಯ ಅಕ್ಕಲಕೋಟೆಗೆ ಈ ತೊಡಕಿಲ್ಲ. ಅನುಮತಿ ಬೇಡದ ಹಸಿರು ವಲಯವೆಂದು ಸರ್ಕಾರದ ಡ್ರೋನ್ ನಕ್ಷೆಯಲ್ಲಿ ನೋಡಿಕೊಂಡರೆ 400 ಅಡಿವರೆಗೆ ಏರಬಹುದು.

ಜಾತ್ರೆಯ ಜನರ ತಲೆಯ ಮೇಲಂತೂ ಎರಡನ್ನೂ ಹಾರಿಸಬೇಡಿ. ಒಂದು ರೆಕ್ಕೆ ಮುರಿದರೂ ಅದು ಕಲ್ಲಿನಂತೆ ಬೀಳುತ್ತದೆ. ಒಂದನ್ನೇ ಕೊಳ್ಳುವ ಶಕ್ತಿಯಿದ್ದರೆ ಸಾದಾ ಡ್ರೋನೇ ಇರಲಿ ಎನ್ನುತ್ತೇನೆ. ಅಕ್ಕಲಕೋಟೆಯ ಸುತ್ತಲಿನ ಕರಿ ಎರೆಯಲ್ಲಿ ಜನವರಿಗೆ ಜೋಳ ತೆನೆ ಹಿಡಿದು ನಿಂತಿರುತ್ತದೆ. ಸೂರ್ಯ ಇನ್ನೂ ಕೆಳಗಿದ್ದಾಗ ನೂರಡಿ ಏರಿಸಿ, ಕಡ್ಡಿಯಿಂದ ಬೆರಳು ತೆಗೆದು ಸುಮ್ಮನೆ ನಿಲ್ಲಿಸಿ. ಸಾಲುಸಾಲಾಗಿ ನೆರಳು ಚಾಚಿದ ಆ ಹೊಲವನ್ನು ಓಡುತ್ತ ನೋಡಲಾಗದು.